ಬ್ಯಾರಲ್‌ಗೆ ಕಟ್ಟಿದ ಬೈಪಾಡ್ ಮತ್ತು ರೈಫಲ್‌ನ ಗುರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಎನ್‌ಸಿಸಿ ಕೆಡೆಟ್‌ಗಳು, ಸಶಸ್ತ್ರ ಮೀಸಲು ಪಡೆಗೆ ಹೊಸದಾಗಿ ಸೇರಿದ ಹುಡುಗರು, ಮಂಡ್ಯ ಕಡೆಯ ನಿವೃತ್ತ ಯೋಧರು ಫೈರಿಂಗ್ ರೇಂಜಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಓದುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಗುಂಡು ಎಲ್ಲಿ ಬೀಳುತ್ತದೆ ಅನ್ನುವುದು ಒಂದು ಪ್ರಶ್ನೆ, ಎಷ್ಟು ಚದುರಿ ಬೀಳುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಕಲಸಿಕೊಂಡವರಿಗೆ ಬೈಪಾಡ್ ವಿಷಯದಲ್ಲಿ ಯಾವ ಉತ್ತರವೂ ಸಮಾಧಾನ ಕೊಡುವುದಿಲ್ಲ.

## ಮೊದಲ ಪಾಠದ ಪ್ರಶ್ನೆಗಳು

ಬೈಪಾಡ್ ಅಂದ್ರೆ ಏನು ಸಾರ್? ಅದನ್ನ ಎಲ್ಲೆಲ್ಲಿ ಹಾಕ್ತಾರೆ?

ರೈಫಲ್‌ನ ಮುಂಭಾಗವನ್ನು ನೆಲದ ಮೇಲೆ ಎತ್ತಿ ಹಿಡಿಯುವ ಎರಡು ಕಾಲಿನ ಆಸರೆಯೇ ಬೈಪಾಡ್. ಅದನ್ನು ಮೂರು ಜಾಗದಲ್ಲಿ ಹಾಕುತ್ತಾರೆ: ನೇರವಾಗಿ ಬ್ಯಾರಲ್‌ಗೆ, ಬ್ಯಾರಲ್‌ಗೆ ಅಂಟಿಕೊಂಡಿರುವ ಗ್ಯಾಸ್ ಬ್ಲಾಕ್ ಅಥವಾ ಗ್ಯಾಸ್ ಸಿಲಿಂಡರ್‌ಗೆ (ಗುಂಡಿನ ಹಿಂದಿನ ಅನಿಲದಿಂದ ರೈಫಲ್‌ನ ಯಂತ್ರ ಓಡಿಸುವ ಭಾಗ), ಇಲ್ಲವೇ ಬ್ಯಾರಲ್‌ಗೆ ತಾಗದ ಹ್ಯಾಂಡ್‌ಗಾರ್ಡ್ (ಬ್ಯಾರಲ್ ಸುತ್ತ ಕೈ ಹಿಡಿಯುವ ಕವಚ) ಅಥವಾ ರಿಸೀವರ್‌ಗೆ (ಬೋಲ್ಟ್ ಓಡಾಡುವ ನಡುಭಾಗ). ಇಲ್ಲಿ ನಾವು ಮಾತಾಡುತ್ತಿರುವುದು ಮುಖ್ಯವಾಗಿ ಮೊದಲ ಬಗೆಯದರ ಬಗ್ಗೆ. ಗ್ಯಾಸ್ ಬ್ಲಾಕ್‌ಗೆ ಹಾಕಿದರೂ ಭಾರ ಕೊನೆಗೆ ಬ್ಯಾರಲ್ ಮೇಲೇ ಬೀಳುವುದರಿಂದ ಎರಡನೆಯದನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಬೈಪಾಡ್ ಹಾಕಿದ್ಮೇಲೆ ಗುರಿ ಸುಧಾರಿಸ್ಬೇಕಿತ್ತು. ನನ್ನ ಗುಂಡೆಲ್ಲ ಮೇಲಕ್ಕೆ ಹೋಗ್ತಿವೆ, ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ಮುಖದಲ್ಲಿ ಬೇಸರ ಇರುತ್ತದೆ, ಯಾಕೆಂದರೆ ಅವರು ಹಿಡಿತ, ಉಸಿರು, ಟ್ರಿಗರ್ ಎಲ್ಲವನ್ನೂ ಸರಿಯಾಗಿಯೇ ಮಾಡಿರುತ್ತಾರೆ.

ಬ್ಯಾರಲ್ ಉಕ್ಕಿನದು, ಅದು ಬಗ್ಗುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಅದು ಬಗ್ಗುತ್ತದೆ. ಒಂದು ತುದಿ ರಿಸೀವರ್‌ನಲ್ಲಿ ಭದ್ರವಾಗಿ ಕೂತಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ. ಕಬ್ಬಿನ ಜಲ್ಲೆಯ ಬುಡವನ್ನು ಬಿಗಿಯಾಗಿ ಹಿಡಿದು ತುದಿಯನ್ನು ಬೆರಳಿಂದ ಮೇಲಕ್ಕೆ ಒತ್ತಿದರೆ ಏನಾಗುತ್ತದೋ ಬ್ಯಾರಲ್‌ಗೂ ಅದೇ ಆಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ. ರೈಫಲ್‌ನ ಮುಂಭಾಗದ ಭಾರವೆಲ್ಲ ಬೈಪಾಡ್ ಮೇಲೆ ಕೂತಾಗ ನೆಲ ಅದೇ ಭಾರದಿಂದ ಬ್ಯಾರಲ್ಲನ್ನು ಮೇಲಕ್ಕೆ ಒತ್ತುತ್ತದೆ. ಬ್ಯಾರಲ್‌ನ ಬಾಯಿ ಕೂದಲೆಳೆಯಷ್ಟು ಮೇಲಕ್ಕೆ ತಿರುಗಿದರೂ 100 ಮೀಟರ್ ದೂರದಲ್ಲಿ ಅದು ಸೆಂಟಿಮೀಟರ್‌ಗಳಾಗಿ ಬೆಳೆಯುತ್ತದೆ.

ಬಿಗಿಯಾದ ಸ್ಲಿಂಗ್ (ರೈಫಲ್‌ನ ಪಟ್ಟಿ) ಕೆಲಸ ಮಾಡುವುದು ಇದಕ್ಕೆ ಉಲ್ಟಾ. ಸ್ಲಿಂಗ್‌ನ ಮುಂದಿನ ಕೊಕ್ಕೆ ಬ್ಯಾರಲ್‌ಗೆ ಸೇರಿರುವ ರೈಫಲ್‌ನಲ್ಲಿ ಮಲಗಿ ಗುಂಡು ಹೊಡೆಯುವಾಗ ಸ್ಲಿಂಗ್ ಬ್ಯಾರಲ್ಲನ್ನು ಕೆಳಕ್ಕೆ ಎಳೆಯುತ್ತದೆ, ಗುಂಡೂ ಕೆಳಗೆ ಬೀಳುತ್ತದೆ. ಅಮೆರಿಕದ ಎಂ16 ರೈಫಲ್ ಬಳಸುವವರಿಗೆ ಇದು ಹಳೆಯ ತಲೆನೋವು. ಅಮೆರಿಕದ ಸರ್ವಿಸ್ ರೈಫಲ್ ಸ್ಪರ್ಧೆಗಳಲ್ಲಿ ಹೊರಗಿನಿಂದ ಮಾಮೂಲಿನಂತೆ ಕಾಣುವ ಹ್ಯಾಂಡ್‌ಗಾರ್ಡ್‌ನ ಒಳಗೆ ಬ್ಯಾರಲ್‌ಗೆ ತಾಗದ ಕೊಳವೆಯೊಂದನ್ನು ಇಡುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ.

ಹಾಗಾದ್ರೆ ಬೈಪಾಡ್ ಗುರಿ ಕೆಡಿಸುತ್ತೆ ಅಂತಾನಾ?

ಇಲ್ಲ. ಎನ್‌ಸಿಸಿಯಲ್ಲಿ ಗ್ರೂಪಿಂಗ್ ಕಲಿತವರಿಗೆ ಎಂಪಿಐ ಎಂಬ ಮಾತು ಗೊತ್ತು: ಬಿದ್ದ ಗುಂಡುಗಳ ಸರಾಸರಿ ಮಧ್ಯಬಿಂದು. ಬ್ಯಾರಲ್‌ಗೆ ಹಾಕಿದ ಬೈಪಾಡ್ ಮೊದಲು ಸರಿಸುವುದು ಎಂಪಿಐಯನ್ನು. ಪ್ರತಿ ಗುಂಡಿಗೂ ಒತ್ತಡ ಒಂದೇ ಆಗಿದ್ದರೆ ಗ್ರೂಪ್‌ನ, ಅಂದರೆ ಬಿದ್ದ ಗುಂಡುಗಳ ಗುಂಪಿನ ಗಾತ್ರ ಇದ್ದಷ್ಟೇ ಇರುತ್ತದೆ, ಇಡೀ ಗ್ರೂಪ್ ಒಂದು ಕಡೆಗೆ ಸರಿಯುತ್ತದೆ. ಸೈಟ್ ತಿರುಗಿಸಿ ಜೀರೋ ಮಾಡಿಕೊಂಡರೆ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿಕೊಂಡರೆ, ಅದು ಸರಿಹೋಗುತ್ತದೆ.

ಒತ್ತಡ ಗುಂಡಿನಿಂದ ಗುಂಡಿಗೆ ಬದಲಾದರೆ ಮಾತ್ರ ಗ್ರೂಪ್ ಅಗಲವಾಗುತ್ತದೆ, ಅದೂ ಹೆಚ್ಚಾಗಿ ಮೇಲೆ ಕೆಳಗೆ ಉದ್ದವಾಗಿ. ಹಾಗಾಗಿ ಟಾರ್ಗೆಟ್ ಕಾಗದ ಕೈಗೆ ಬಂದಾಗ ಗ್ರೂಪ್ ಎಲ್ಲಿದೆ ಎಂದು ನೋಡುವುದಕ್ಕಿಂತ ಮುಂಚೆ ಅದು ದುಂಡಗಿದೆಯೋ ಉದ್ದಕ್ಕಿದೆಯೋ ನೋಡಿ. ಮೇಲಿದ್ದರೂ ದುಂಡಗಿದ್ದರೆ ಜೀರೋ ಕೆಲಸ ಸಾಕು. ಉದ್ದಕ್ಕೆ ಎಳೆದಂತಿದ್ದರೆ ನೀವು ರೈಫಲ್‌ನ ಹಿಂದೆ ಕೂರುವ ರೀತಿಯನ್ನೇ ಮೊದಲು ತಿದ್ದಬೇಕು.

ನಮ್ ತೋಟಕ್ಕೆ ಹಂದಿ ಕಾಟ ಜಾಸ್ತಿ ಅಣ್ಣ. ನಾವೂ ಸೆಮಿ-ಆಟೊಮ್ಯಾಟಿಕ್ ಇಟ್ಕೋಬೋದಾ?

ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಇಂಥ, ಅಂದರೆ ಟ್ರಿಗರ್ ಎಳೆದಾಗಲೆಲ್ಲ ಒಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವ ರೈಫಲ್‌ಗಳು ಸಾಮಾನ್ಯ ನಾಗರಿಕರಿಗೆ ಸಿಗುವ ವರ್ಗದಲ್ಲಿಲ್ಲ. ಮಂಡ್ಯದಲ್ಲಿ ಜಿಲ್ಲಾಧಿಕಾರಿ, ಮೈಸೂರು ನಗರದಲ್ಲಿ ಪೊಲೀಸ್ ಕಮಿಷನರ್ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಡುವುದು ಮಾಮೂಲಿ ಒಂದು ನಳಿಗೆ, ಎರಡು ನಳಿಗೆ ಕೋವಿಗಳಿಗೆ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಹೆಚ್ಚೆಂದರೆ ಎರಡು ಆಯುಧ. ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಗುಂಡು ಹೊಡೆಯುವ ಅಧಿಕಾರ ಬರುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಈ ಪುಟದಲ್ಲಿರುವುದು ಕರ್ತವ್ಯಕ್ಕಾಗಿ ಇಂಥ ರೈಫಲ್ ಹಿಡಿಯುವವರಿಗೆ, ಮತ್ತು ವಿಷಯ ತಿಳಿಯಬೇಕೆನ್ನುವವರಿಗೆ.

ಕಾಂಪಿಟೇಷನ್‌ನಲ್ಲಿ ಬೈಪಾಡ್ ಬಿಡ್ತಾರಾ?

ಒಲಿಂಪಿಕ್ ಮಾದರಿಯ 10 ಮೀಟರ್, 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಬಿಡುವುದಿಲ್ಲ. ಮಲಗಿ ಮತ್ತು ಮಂಡಿಯೂರಿ ಹೊಡೆಯುವಾಗ ಸ್ಲಿಂಗ್‌ಗೆ ಅವಕಾಶವಿದೆ, ಅಷ್ಟೆ. ಎಫ್-ಕ್ಲಾಸ್ ಎಂಬ ದೂರದ ಗುರಿಯ ಸ್ಪರ್ಧೆಯಲ್ಲಿ ಬೈಪಾಡ್ ಉಂಟು. ಅದರ ಎಫ್-ಟಿಆರ್ ವಿಭಾಗದಲ್ಲಿ .223 ಮತ್ತು .308 ಕಾರ್ಟ್ರಿಜ್‌ಗಳು ಮಾತ್ರ. ಅಲ್ಲಿ ಗೆಲ್ಲುವವರ ರೈಫಲ್‌ಗಳನ್ನು ನೋಡಿ: ಬೈಪಾಡ್ ಅಗಲವಾಗಿರುತ್ತದೆ, ಸ್ಟಾಕ್‌ನ (ಬ್ಯಾರಲ್, ರಿಸೀವರ್ ಕೂರಿಸಿದ ದೇಹದ) ಮುಂತುದಿಯಲ್ಲಿರುತ್ತದೆ, ಬ್ಯಾರಲ್‌ಗೆ ಎಲ್ಲೂ ತಾಗಿರುವುದಿಲ್ಲ.

## ಸ್ವಲ್ಪ ಒಳಗಿನ ಪ್ರಶ್ನೆಗಳು

ಬೋಲ್ಟ್ ರೈಫಲ್‌ಗೂ ಸೆಮಿ-ಆಟೊಗೂ ಈ ವಿಷಯದಲ್ಲಿ ಏನು ವ್ಯತ್ಯಾಸ?

ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆದು ತುಂಬುವ ಬೋಲ್ಟ್ ರೈಫಲ್‌ನ ಬ್ಯಾರಲ್ ಬರಿಯ ಕೊಳವೆ. ಎಸ್‌ಎಲ್‌ಆರ್, ಇನ್ಸಾಸ್, ಎಕೆ ಇಂಥ ತಾನೇ ತುಂಬಿಕೊಳ್ಳುವ ರೈಫಲ್‌ಗಳಲ್ಲಿ ಬ್ಯಾರಲ್ ಮೇಲೆ ಮೊದಲೇ ಗ್ಯಾಸ್ ಬ್ಲಾಕ್ ಕೂತಿದೆ, ಪಿಸ್ಟನ್ ಇದೆ, ಮುಂದಿನ ಸೈಟ್ ಇದೆ. ಗುಂಡು ಹಾರಿದಾಗ ಬ್ಯಾರಲ್ ಅಲುಗುವ ರೀತಿಯೇ ಹೆಚ್ಚು ಜಟಿಲ. ಅದರ ಮೇಲೆ ಬೈಪಾಡ್‌ನ ಭಾರವೂ ಕೂತರೆ ಇನ್ನೊಂದು ಅಂಶ ಸೇರಿತು.

ಆದರೆ ಹಲವರು ಇಲ್ಲೊಂದು ತಪ್ಪು ಕಾರಣ ಹೇಳುತ್ತಾರೆ: ಬೋಲ್ಟ್ ಹಿಂದಕ್ಕೆ ಹೋಗುವ ಜರ್ಕಿಗೆ ಗುಂಡು ದಾರಿ ತಪ್ಪುತ್ತದೆ ಎಂದು. ಗುಂಡು ಬ್ಯಾರಲ್‌ನೊಳಗೆ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಬೋಲ್ಟ್ ಕಳಚಿಕೊಳ್ಳುವ ಹೊತ್ತಿಗೆ ಗುಂಡು ಬಾಯಿ ದಾಟಿ ಹೋಗಿರುತ್ತದೆ. ಆ ಹೊತ್ತಿಗೆ ರೈಫಲ್ ಹಿಂದಕ್ಕೆ ಸರಿದಿರುವುದು 5.56 ಮಿ.ಮೀ. ಗುಂಡಿನ ರೈಫಲ್‌ನಲ್ಲಿ ಸುಮಾರು ಅರ್ಧ ಮಿಲಿಮೀಟರ್, 7.62ರಲ್ಲಿ ಒಂದು ಮಿಲಿಮೀಟರಿಗೆ ಸ್ವಲ್ಪ ಮೇಲೆ. ನಮ್ಮ ಹೆಗಲಿಗೆ ಗೊತ್ತಾಗುವ ಹೊಡೆತವೆಲ್ಲ ಅದರ ನಂತರದ್ದು.

ಬೋಲ್ಟ್‌ನ ಓಡಾಟ ಕೆಡಿಸುವುದು ಮುಂದಿನ ಗುಂಡನ್ನು. ಭಾರವಾದ ಭಾಗವೊಂದು ಹಿಂದಕ್ಕೆ ಹೋಗಿ ಬಡಿದು, ಮತ್ತೆ ಮುಂದಕ್ಕೆ ಬಂದು ಬಡಿಯುವಾಗ ಬೈಪಾಡ್‌ನ ಕಾಲು ನೆಲದಲ್ಲಿ ಸ್ವಲ್ಪ ಸರಿಯುತ್ತದೆ, ಬಟ್ (ಹೆಗಲಿಗೆ ತಾಗುವ ಹಿಂತುದಿ) ಹೆಗಲಲ್ಲಿ ಸ್ವಲ್ಪ ಜಾಗ ಬದಲಿಸುತ್ತದೆ. ಬೋಲ್ಟ್ ರೈಫಲ್‌ನವರು ಪ್ರತಿ ಗುಂಡಿಗೂ ಕೈ ತೆಗೆದು ಮತ್ತೆ ಹೊಂದಿಸಿಕೊಳ್ಳಲೇಬೇಕು. ಸೆಮಿ-ಆಟೊ ಹಿಡಿದವರಿಗೆ ಆ ಒತ್ತಾಯವಿಲ್ಲ, ಬೆರಳು ಮತ್ತೆ ಟ್ರಿಗರ್ ಎಳೆದುಬಿಡುತ್ತದೆ. ಮೊದಲ ಗುಂಡಿಗೆ ಬ್ಯಾರಲ್ ಮೇಲಿದ್ದ ಒತ್ತಡ ಬೇರೆ, ಮೂರನೆಯದಕ್ಕೆ ಬೇರೆ. ಸೆಮಿ-ಆಟೊದಲ್ಲಿ ಬ್ಯಾರಲ್ ಬೈಪಾಡ್ ಹೆಚ್ಚು ತೊಂದರೆ ಕೊಡುವುದು ಈ ಕಾರಣಕ್ಕೆ. ನಾನು ಹುಡುಗರಿಗೆ ಹೇಳುವುದಿಷ್ಟೆ: ಪ್ರತಿ ಗುಂಡಿನ ನಂತರ ಒಂದು ಉಸಿರು ಬಿಟ್ಟು, ಹೆಗಲು ಮತ್ತೆ ಹೊಂದಿಸಿ, ಆಮೇಲೆ ಶಿಸ್ತ್ (ಗುರಿ) ಹಿಡಿಯಿರಿ.

ಮಿಲಿಟರಿಯವರಿಗೆ ಇದು ಗೊತ್ತಿರ್ಲಿಲ್ವಾ? ಎಲ್‌ಎಂಜಿಗೆಲ್ಲ ಬ್ಯಾರಲ್ ತುದಿಗೇ ಯಾಕೆ ಹಾಕಿದ್ರು?

ಚೆನ್ನಾಗಿ ಗೊತ್ತಿತ್ತು. ಅವರಿಗೆ ಬೇಕಾಗಿದ್ದು ಬೇರೆ. ಎಲ್‌ಎಂಜಿ ಅಂದರೆ ಹಗುರ ಮಷಿನ್‌ಗನ್, ಅದರಲ್ಲಿ ಸರಣಿಯಾಗಿ ಗುಂಡು ಹಾರಿಸುವಾಗ ಆಸರೆ ಎಷ್ಟು ಮುಂದಿದ್ದರೆ ಅಷ್ಟು ನಿಯಂತ್ರಣ. ಹೆಗಲು ಒಂದು ಸೆಂಟಿಮೀಟರ್ ಸರಿದರೂ, ಹೆಗಲಿಗೂ ಬೈಪಾಡ್‌ಗೂ ನಡುವಿನ ದೂರ ಹೆಚ್ಚಿದ್ದರೆ ಬ್ಯಾರಲ್ ತಿರುಗುವ ಕೋನ ಕಡಿಮೆ. ಇದು ಬ್ಯಾರಲ್ ಬೈಪಾಡ್‌ನ ನಿಜವಾದ ಲಾಭ, ಅದನ್ನು ಅಲ್ಲಗಳೆಯಬಾರದು.

ರಷ್ಯಾದ ಆರ್‌ಪಿಕೆ ಎಂಬ ಎಲ್‌ಎಂಜಿಯಲ್ಲಿ ಬೈಪಾಡ್ ಬ್ಯಾರಲ್‌ನ ಬಾಯಿ ಹತ್ತಿರವೇ ಇದೆ, ಅದಕ್ಕೆ ತಕ್ಕಂತೆ ಬ್ಯಾರಲ್ ಎಕೆಗಿಂತ ಉದ್ದ, ದಪ್ಪ. ಆಸ್ಟ್ರಿಯಾದ ಎಸ್‌ಟಿಜಿ 58 ನಮ್ಮ ಎಸ್‌ಎಲ್‌ಆರ್‌ನ ಹತ್ತಿರದ ಬಂಧು, ಅದರ ಮಡಚುವ ಬೈಪಾಡ್ ಬ್ಯಾರಲ್‌ಗೇ ಸೇರಿದೆ. ಅಮೆರಿಕದ ಎಂ14ರ ಬೈಪಾಡ್ ಗ್ಯಾಸ್ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತದೆ. ಎಂ16ಕ್ಕೆ ಬಟ್ಟೆ ಕ್ಲಿಪ್ಪಿನ ಆಕಾರದ ಹಗುರ ಬೈಪಾಡ್ ಇತ್ತು, ಮುಂದಿನ ಸೈಟ್‌ನ ಕೆಳಗೆ ಬ್ಯಾರಲ್‌ಗೆ ಕಚ್ಚಿಸುವುದು. ಅಮೆರಿಕದ್ದೇ ಆದ ಎಂ1918ಎ2 ಬಿಎಆರ್‌ನಲ್ಲಂತೂ ಅದು ಬಾಯಿಯ ಫ್ಲ್ಯಾಶ್ ಹೈಡರ್ (ಬೆಂಕಿಯ ಮಿಂಚು ತಗ್ಗಿಸುವ ಭಾಗ) ಮೇಲೇ ಕೂತಿತ್ತು, ಎರಡನೇ ಮಹಾಯುದ್ಧದಲ್ಲಿ ಎಷ್ಟೋ ಸೈನಿಕರು ಭಾರವೆಂದು ಅದನ್ನು ಕಿತ್ತು ಬಿಸಾಡಿದರು. ಜರ್ಮನಿಯ ಎಂಜಿ 42ರಲ್ಲಿ ಬೈಪಾಡ್ ಬ್ಯಾರಲ್‌ನ ಹೊರಗವಚಕ್ಕೆ ಸೇರಿತ್ತು, ಬ್ಯಾರಲ್‌ಗಲ್ಲ. ನಮ್ಮಲ್ಲಿ ತಲೆಮಾರುಗಳು ಎಲ್‌ಎಂಜಿ ಎಂದೇ ಕರೆದ ಬ್ರೆನ್‌ನಲ್ಲೂ ಅದು ಬ್ಯಾರಲ್‌ಗಲ್ಲ, ರಿಸೀವರ್‌ಗೆ ಸೇರಿದ ಗ್ಯಾಸ್ ಸಿಲಿಂಡರ್‌ನ ಮುಂತುದಿಯಲ್ಲಿತ್ತು. ಬ್ರೆನ್ ಹಿಡಿದಿದ್ದ ಹಿರಿಯರು ಅದರ ಗುರಿಯನ್ನು ಇವತ್ತಿಗೂ ಹೊಗಳುತ್ತಾರೆ.

ನನಗೆ ಎಲ್ಲಕ್ಕಿಂತ ಸ್ಪಷ್ಟ ಸಾಕ್ಷಿ ಎನಿಸುವುದು ಇಸ್ರೇಲ್‌ನ ಗಲಿಲ್. ಅದರ ಎಆರ್‌ಎಂ ಮಾದರಿಯಲ್ಲಿ ಬೈಪಾಡ್ ಗ್ಯಾಸ್ ಬ್ಲಾಕ್‌ಗೆ ಸೇರಿದೆ. ಅದೇ ಗಲಿಲ್ಲನ್ನು ಗಲಾಟ್ಜ್ ಎಂಬ ಸ್ನೈಪರ್ ರೈಫಲ್ ಆಗಿ ಬದಲಿಸಿದಾಗ ಎಂಜಿನಿಯರ್‌ಗಳು ಬೈಪಾಡನ್ನು ಅಲ್ಲಿಂದ ತೆಗೆದು ಹಿಂದಕ್ಕೆ, ಮ್ಯಾಗಜೀನ್‌ಗೆ ತುಸು ಮುಂದೆ ರಿಸೀವರ್ ಕಡೆಗೆ ತಂದರು. ಬ್ಯಾರಲ್ ಮೇಲೆ ಭಾರ ಬೀಳಬಾರದು ಎಂಬುದೇ ಉದ್ದೇಶ. ಆಸರೆ ಹಿಂದಕ್ಕೆ ಬಂದರೆ ಸ್ಥಿರತೆ ಸ್ವಲ್ಪ ಕಡಿಮೆಯಾಗುತ್ತದೆ ಎಂದು ಗೊತ್ತಿದ್ದೂ ಮಾಡಿದರು.

ಕಾಂಕ್ರೀಟ್ ಮೇಲೆ ಒಂದ್ ಥರ ಬೀಳುತ್ತೆ, ಮಣ್ಣಿನ ಮೇಲೆ ಇನ್ನೊಂದ್ ಥರ. ನಾನೇ ಏನಾದ್ರೂ ತಪ್ಪು ಮಾಡ್ತಿದೀನಾ?

ನಿಮ್ಮ ತಪ್ಪಲ್ಲ. ಗಟ್ಟಿ ನೆಲದ ಮೇಲೆ ಬೈಪಾಡ್ ಜಿಗಿಯುತ್ತದೆ, ಮಣ್ಣು ಅದನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ನಮ್ಮ ಕಡೆಯ ಕೆಮ್ಮಣ್ಣಿನಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ದೊಡ್ಡ ವ್ಯತ್ಯಾಸ. ಜುಲೈನಲ್ಲಿ ಕಾಲು ಹೂತುಕೊಳ್ಳುವ ಜಾಗವೇ ಏಪ್ರಿಲ್‌ನಲ್ಲಿ ಕಲ್ಲಿನಂತಾಗಿರುತ್ತದೆ. ಕಾಂಕ್ರೀಟ್ ಫೈರಿಂಗ್ ಪಾಯಿಂಟ್‌ನಲ್ಲಿ ಬೈಪಾಡ್ ಕಾಲಿನ ಕೆಳಗೆ ಮಡಚಿದ ಗೋಣಿಚೀಲ ಹಾಸಿಕೊಳ್ಳಿ. ಜೀರೋ ಮಾಡಿದ ದಿನ ಹಾಸಿದ್ದರೆ ಮುಂದೆಯೂ ಹಾಸಲೇಬೇಕು.

ಬೈಪಾಡ್ ಮೇಲೆ ಮುಂದಕ್ಕೆ ಭಾರ ಹಾಕಿ ಒತ್ತಬೇಕು ಅಂತಾರೆ. ನಿಜಾನಾ?

ಬೈಪಾಡ್ ಹ್ಯಾಂಡ್‌ಗಾರ್ಡ್ ಅಥವಾ ಸ್ಟಾಕ್‌ಗೆ ಸೇರಿದ್ದು, ಬ್ಯಾರಲ್ ಸ್ವತಂತ್ರವಾಗಿದ್ದರೆ ನಿಜ. ಆಗ ಹೆಗಲಿನಿಂದ ಮುಂದಕ್ಕೆ ಸ್ವಲ್ಪ ಒತ್ತಿದರೆ ಕಾಲುಗಳ ಸಡಿಲ ಹೋಗುತ್ತದೆ, ಜಿಗಿತ ಕಡಿಮೆಯಾಗುತ್ತದೆ. ಆದರೆ ಬೈಪಾಡ್ ಬ್ಯಾರಲ್‌ಗೇ ಸೇರಿದ್ದರೆ ನೀವು ಒತ್ತುವ ಪ್ರತಿ ಗ್ರಾಮೂ ಬ್ಯಾರಲ್ಲನ್ನು ಬಗ್ಗಿಸುತ್ತದೆ. ಮನುಷ್ಯನ ಹೆಗಲು ಒಂದೇ ಒತ್ತಡವನ್ನು ಹತ್ತು ಗುಂಡಿನವರೆಗೆ ಹಿಡಿದಿಡಲಾರದು. ಇಲ್ಲಿ ಒತ್ತಬೇಡಿ. ರೈಫಲ್ ತನ್ನ ಭಾರಕ್ಕೆ ತಾನೇ ಕೂರಲಿ, ಬಟ್‌ನ ಕೆಳಗೆ ಮರಳು ತುಂಬಿದ ಸಣ್ಣ ಚೀಲ ಇಟ್ಟು ಎಡಗೈಯಿಂದ ಅದನ್ನು ಹಿಸುಕಿ ಎತ್ತರ ಹೊಂದಿಸಿ.

## ಅನುಭವಿಗಳ ಪ್ರಶ್ನೆಗಳು

ಒತ್ತಡದಿಂದ ಎಷ್ಟು ಸರಿಯುತ್ತೆ ಅಂತ ಲೆಕ್ಕದಲ್ಲಿ ತೋರಿಸ್ತೀರಾ?

ಖಂಡಿತ. ಒಂದು ಕಡೆ ಬಿಗಿದ ಕಂಬಿ ಬಾಗುವ ಸೂತ್ರ ಪಾಲಿಟೆಕ್ನಿಕ್ ಓದಿದವರಿಗೆಲ್ಲ ಗೊತ್ತು. ಒಂದು ಅಳತೆ ಇಟ್ಟುಕೊಳ್ಳೋಣ: 5.56 ಬೋರ್, ಉದ್ದಕ್ಕೂ 16 ಮಿ.ಮೀ. ದಪ್ಪ, ರಿಸೀವರ್‌ನಿಂದ 40 ಸೆಂ.ಮೀ. ಉದ್ದದ ಉಕ್ಕಿನ ಬ್ಯಾರಲ್. ತುದಿಗೆ 1 ಕೆ.ಜಿ. ಭಾರದಷ್ಟು ಒತ್ತಡ ಬಿದ್ದರೆ ತುದಿ ಸರಿಯುವುದು ಮಿಲಿಮೀಟರಿನ ಮೂರನೇ ಒಂದು ಭಾಗ. ಆದರೆ ಬಾಯಿ ತಿರುಗುವ ಕೋನದಿಂದ 100 ಮೀಟರಿನಲ್ಲಿ ಗುಂಡು ಸುಮಾರು 12 ಸೆಂ.ಮೀ. ಸರಿಯುತ್ತದೆ. ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ, 100 ಮೀಟರಿನಲ್ಲಿ ಒಂದು ಎಂಒಎ 2.9 ಸೆಂ.ಮೀ., ಹಾಗಾಗಿ ಇದು ನಾಲ್ಕು ಎಂಒಎಗೂ ಮೇಲೆ.

ಈಗ ಎರಡು ಬದಲಾವಣೆ ಮಾಡಿ ನೋಡಿ. ಬ್ಯಾರಲ್‌ನ ದಪ್ಪ 20 ಮಿ.ಮೀ. ಆದರೆ 12 ಸೆಂ.ಮೀ. ಇದ್ದದ್ದು 5ಕ್ಕೆ ಇಳಿಯುತ್ತದೆ, ಯಾಕೆಂದರೆ ಬಾಗುವುದನ್ನು ತಡೆಯುವ ಬಿಗಿತ ದಪ್ಪದ ನಾಲ್ಕನೇ ಘಾತದಷ್ಟು ಏರುತ್ತದೆ. ದಪ್ಪ 16 ಮಿ.ಮೀ. ಆಗಿಯೇ ಇದ್ದು ಬೈಪಾಡ್ ತುದಿಯ ಬದಲು ಅರ್ಧ ದೂರದಲ್ಲಿ, 20 ಸೆಂ.ಮೀ.ನಲ್ಲಿ ಸೇರಿದ್ದರೆ 3 ಸೆಂ.ಮೀ. ಮಾತ್ರ ಸರಿಯುತ್ತದೆ, ಯಾಕೆಂದರೆ ಕೋನ ದೂರದ ವರ್ಗದಂತೆ ಬದಲಾಗುತ್ತದೆ. ನಿಜವಾದ ಬ್ಯಾರಲ್‌ಗಳ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ, ನಿಮ್ಮ ರೈಫಲ್‌ನ ಅಂಕಿ ಬೇರೆ ಬರುತ್ತದೆ. ಆದರೆ ದಪ್ಪ ಬ್ಯಾರಲ್ ಯಾಕೆ ಬೈಪಾಡ್ ತಡೆದುಕೊಳ್ಳುತ್ತದೆ, ಎಲ್‌ಎಂಜಿಯಲ್ಲಿ ನಡೆದದ್ದು ಹಗುರ ರೈಫಲ್‌ನಲ್ಲಿ ಯಾಕೆ ನಡೆಯುವುದಿಲ್ಲ ಎಂಬುದು ಈ ಮೂರು ಅಂಕಿಗಳಲ್ಲೇ ಇದೆ.

ಟೆಲಿಸ್ಕೋಪ್ ಹಾಕಿದ್ಮೇಲೆ ವ್ಯತ್ಯಾಸ ಜಾಸ್ತಿ ಆಯ್ತು. ಮಾಮೂಲಿ ಸೈಟ್‌ನಲ್ಲಿ ಇಷ್ಟಿರ್ಲಿಲ್ಲ, ಯಾಕೆ?

ಮುಂದಿನ ಸೈಟ್ ಬ್ಯಾರಲ್ ಮೇಲೇ ಇರುವ ರೈಫಲ್‌ನಲ್ಲಿ ಬ್ಯಾರಲ್ ಮೇಲಕ್ಕೆ ಬಾಗಿದಾಗ ಸೈಟ್ ಕೂಡ ಅದರೊಂದಿಗೆ ಮೇಲೇರುತ್ತದೆ. ನೀವು ಅದನ್ನು ಗುರಿಗೆ ಹೊಂದಿಸಲು ಗೊತ್ತಿಲ್ಲದೆಯೇ ರೈಫಲ್ ತಗ್ಗಿಸುತ್ತೀರಿ. ಹಾಗೆ ಸರಿತದ ಒಂದಷ್ಟು ಪಾಲು, ಮೇಲಿನ ಉದಾಹರಣೆಯ ಅಳತೆಯಲ್ಲಿ ಹೆಚ್ಚುಕಡಿಮೆ ಅರ್ಧ, ತಾನಾಗಿಯೇ ಕಳೆದುಹೋಗುತ್ತದೆ. ಟೆಲಿಸ್ಕೋಪ್ ಕೂತಿರುವುದು ರಿಸೀವರ್ ಮೇಲೆ. ಬ್ಯಾರಲ್ ಬಾಗಿದ್ದು ಅದಕ್ಕೆ ತಿಳಿಯುವುದೇ ಇಲ್ಲ, ಸರಿತ ಪೂರ್ತಿಯಾಗಿ ಟಾರ್ಗೆಟ್ ಮೇಲೆ ಕಾಣುತ್ತದೆ.

ಬ್ಯಾರಲ್ ಬಿಸಿಯಾದಂಗೆಲ್ಲ ಗುಂಡು ಸರೀತಾ ಹೋಗುತ್ತೆ. ಇದೂ ಬೈಪಾಡ್‌ದೇ ಕೆಲಸಾನಾ?

ಭಾಗಶಃ. ಉಕ್ಕು 100 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ 40 ಸೆಂ.ಮೀ. ಬ್ಯಾರಲ್ ಸುಮಾರು ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ, ದಪ್ಪವೂ ಕೊಂಚ ಏರುತ್ತದೆ. ಬೈಪಾಡ್‌ನ ಕ್ಲ್ಯಾಂಪ್ ಅಲ್ಯುಮಿನಿಯಂನದಾದರೆ ಅದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಕ್ಲ್ಯಾಂಪ್ ಬ್ಯಾರಲ್‌ಗೂ ಹ್ಯಾಂಡ್‌ಗಾರ್ಡ್‌ಗೂ ಒಟ್ಟಿಗೆ ತಾಗಿದ್ದರೆ ಬ್ಯಾರಲ್ ಸರಾಗವಾಗಿ ಬೆಳೆಯಲು ಜಾಗವಿಲ್ಲದೆ ಪಕ್ಕಕ್ಕೆ ತಳ್ಳಲ್ಪಡುತ್ತದೆ. ತಣ್ಣಗಿನ ಬ್ಯಾರಲ್‌ನ ಮೊದಲ ಗುಂಡು ಎಲ್ಲಿ ಬೀಳುತ್ತದೆ ಎಂದು ಬೇರೆಯಾಗಿಯೇ ಬರೆದಿಡಿ. ಪಹರೆಯಲ್ಲಿರುವವರಿಗೆ ಬೇಕಾಗುವುದು ಆ ಒಂದೇ ಗುಂಡು.

ಎಲ್ರೂ ಕೆಡುತ್ತೆ ಅಂತಾರೆ, ನನಗೆ ಬೈಪಾಡ್ ಹಾಕಿದ್ಮೇಲೆ ಗ್ರೂಪ್ ಚಿಕ್ಕದಾಯ್ತು. ಹೇಗೆ?

ಎರಡು ಕಾರಣ ಇರಬಹುದು. ಮೊದಲನೆಯದು ಸರಳ: ನಿಮ್ಮ ಕೈ ನಡುಕ ಹೋಯಿತು. ಆಸರೆಯಿಲ್ಲದೆ ಹೊಡೆಯುವವರ ಗ್ರೂಪ್‌ನಲ್ಲಿ ದೊಡ್ಡ ಪಾಲು ಮನುಷ್ಯನ ಅಲುಗಾಟದ್ದೇ. ಅದು ಹೋದರೆ ಬ್ಯಾರಲ್‌ನ ಸಣ್ಣ ತೊಂದರೆ ಅದರ ಮುಂದೆ ಲೆಕ್ಕಕ್ಕಿಲ್ಲ.

ಎರಡನೆಯದು ಬ್ಯಾರಲ್‌ನ ಕಂಪನ. ಮುಂದೆ ತೂಕ ಸೇರಿದರೆ ಬ್ಯಾರಲ್ ಕಂಪಿಸುವ ವೇಗ ಇಳಿಯುತ್ತದೆ, ಗುಂಡು ಹೊರಡುವ ಕ್ಷಣದಲ್ಲಿ ಬಾಯಿ ಇರುವ ಸ್ಥಿತಿ ಬದಲಾಗುತ್ತದೆ, ಅದು ಕೆಲವೊಮ್ಮೆ ಒಳ್ಳೆಯದಕ್ಕೇ ಆಗುತ್ತದೆ. .22 ಬೆಂಚ್‌ರೆಸ್ಟ್ (ರೈಫಲ್ಲನ್ನು ಮೇಜಿನ ಆಸರೆಯ ಮೇಲಿಟ್ಟು ಹೊಡೆಯುವ) ಸ್ಪರ್ಧಿಗಳು ಬ್ಯಾರಲ್ ಬಾಯಿಗೆ ಹಿಂದೆ ಮುಂದೆ ಸರಿಸಬಹುದಾದ ತೂಕ ಹಾಕುವುದು ಇದಕ್ಕಾಗಿಯೇ. ಆದರೆ ಆ ತೂಕ ಎಲ್ಲಿಗೂ ತಾಗದೆ ಗಾಳಿಯಲ್ಲಿರುತ್ತದೆ, ಬೈಪಾಡ್ ನೆಲಕ್ಕೆ ತಾಗಿರುತ್ತದೆ. ಇವತ್ತು ಸಿಕ್ಕ ಚಿಕ್ಕ ಗ್ರೂಪ್ ಬೇರೆ ನೆಲದಲ್ಲಿ ಸಿಗುತ್ತದೆ ಎಂದು ನಂಬಬೇಡಿ.

ಹಂಗಾದ್ರೆ ಬ್ಯಾರಲ್ ಬಿಟ್ಟು ಹ್ಯಾಂಡ್‌ಗಾರ್ಡ್‌ಗೆ ಹಾಕಿದ್ರೆ ಮುಗೀತಲ್ವಾ?

ಹ್ಯಾಂಡ್‌ಗಾರ್ಡ್ ಬ್ಯಾರಲ್‌ಗೆ ತಾಗದೆ ರಿಸೀವರ್‌ಗೆ ಮಾತ್ರ ಸೇರಿದ್ದರೆ ಬಹುಮಟ್ಟಿಗೆ ಮುಗಿಯಿತು. ಎಂ16ರ ಮಾಮೂಲಿ ಹ್ಯಾಂಡ್‌ಗಾರ್ಡ್ ಹಾಗಿಲ್ಲ, ಅದರ ಮುಂತುದಿ ಬ್ಯಾರಲ್ ಮೇಲಿನ ಬಿಲ್ಲೆಯೊಳಗೆ ಕೂರುತ್ತದೆ. ಅಲ್ಲಿ ಬೈಪಾಡ್ ಹಾಕಿದರೆ ಭಾರ ಸುತ್ತಿ ಬಳಸಿ ಮತ್ತೆ ಬ್ಯಾರಲ್‌ಗೇ ಹೋಗುತ್ತದೆ. ಕೆಲವು ರೈಫಲ್‌ಗಳಲ್ಲಿ ಬ್ಯಾರಲ್ ಸುತ್ತ ಕಾಗದ ತೂರಿಸಿ ಎಳೆದರೆ ಎಲ್ಲಿ ತಾಗುತ್ತದೆಂದು ಗೊತ್ತಾಗುತ್ತದೆ. ಇನ್ನೊಂದು ಮಾತು: ಸರ್ಕಾರಿ ಆಯುಧಕ್ಕೆ ಹೊರಗಿನ ಕ್ಲ್ಯಾಂಪ್ ಬಿಗಿಯುವುದು, ತೂತು ಕೊರೆಯುವುದು ಬೇಡವೇ ಬೇಡ. ಏನಿದ್ದರೂ ಕೋತ್‌ನ (ಆಯುಧ ಕೋಣೆಯ) ಆರ್ಮರರ್, ಅಂದರೆ ಆಯುಧ ದುರಸ್ತಿಗಾರರ ಮೂಲಕವೇ ಆಗಬೇಕು.

ನನ್ನ ರೈಫಲ್‌ನಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ನಾನೇ ಪರೀಕ್ಷೆ ಮಾಡೋದು ಹೇಗೆ?

ಒಂದೇ ದಿನ, ಒಂದೇ ಲಾಟ್‌ನ ಗುಂಡು, ಒಬ್ಬರೇ ಶೂಟರ್, 100 ಮೀಟರ್. ಬೆಳಿಗ್ಗೆ ಬೇಗ ಶುರು ಮಾಡಿ, ಹತ್ತು ಗಂಟೆ ದಾಟಿದರೆ ನಮ್ಮ ಕಡೆ ನೆಲದ ಬಿಸಿಗೆ ಟಾರ್ಗೆಟ್ ಅಲುಗಾಡಿದಂತೆ ಕಾಣುತ್ತದೆ. ಮೊದಲು ಬೈಪಾಡ್ ತೆಗೆದು, ಹ್ಯಾಂಡ್‌ಗಾರ್ಡ್‌ನ ಹಿಂಭಾಗ, ರಿಸೀವರ್ ಹತ್ತಿರದ ಜಾಗ ಮರಳು ಚೀಲದ ಮೇಲೆ ಬರುವಂತೆ ಇಟ್ಟು ಐದು ಗುಂಡು. ಬ್ಯಾರಲ್ ಕೈಯಲ್ಲಿ ಮುಟ್ಟುವಷ್ಟು ತಣ್ಣಗಾಗಲು ಬಿಡಿ. ಆಮೇಲೆ ಬೈಪಾಡ್ ಮೇಲೆ ಐದು. ಮತ್ತೆ ಚೀಲ, ಮತ್ತೆ ಬೈಪಾಡ್. ಎಲ್ಲ ಚೀಲದ ಗ್ರೂಪ್ ಮುಗಿಸಿ ಆಮೇಲೆ ಎಲ್ಲ ಬೈಪಾಡ್ ಗ್ರೂಪ್ ಹೊಡೆದರೆ ಸುಸ್ತು, ಬಿಸಿ, ಗಾಳಿ ಮೂರೂ ಒಂದೇ ಕಡೆಗೆ ಸೇರಿಕೊಂಡು ಮೋಸ ಮಾಡುತ್ತವೆ.

ಪ್ರತಿ ಗ್ರೂಪಿಗೂ ಹೊಸ ಟಾರ್ಗೆಟ್ ಕಾಗದ. ಕಾಗದದ ಮೂಲೆಯಲ್ಲಿ ಆಸರೆ ಯಾವುದು, ನೆಲ ಎಂಥದು, ಎಷ್ಟು ಹೊತ್ತಿಗೆ ಹೊಡೆದದ್ದು ಎಂದು ಬರೆಯಿರಿ. ಮೊದಲು ಎಂಪಿಐ ಗುರುತಿಸಿ ಎರಡರ ನಡುವಿನ ಅಂತರ ಅಳೆಯಿರಿ, ಅದು ಬೈಪಾಡ್ ಸರಿಸಿದ ದೂರ. ನಂತರ ಗ್ರೂಪ್‌ನ ಎತ್ತರ ಮತ್ತು ಅಗಲವನ್ನು ಬೇರೆ ಬೇರೆಯಾಗಿ ಅಳೆಯಿರಿ. ಬೈಪಾಡ್ ಮೇಲೆ ಅಗಲ ಹಾಗೇ ಇದ್ದು ಎತ್ತರ ಮಾತ್ರ ಬೆಳೆದಿದ್ದರೆ ಒತ್ತಡ ಗುಂಡಿನಿಂದ ಗುಂಡಿಗೆ ಬದಲಾಗುತ್ತಿದೆ ಎಂದರ್ಥ. ಆಗ ಸೈಟ್ ಮುಟ್ಟಬೇಡಿ, ಬಟ್ ಕೆಳಗಿನ ಚೀಲವನ್ನೂ ಹೆಗಲನ್ನೂ ಸರಿಮಾಡಿಕೊಂಡು ಇನ್ನೊಂದು ಜೋಡಿ ಗ್ರೂಪ್ ಹೊಡೆಯಿರಿ. ಎತ್ತರವೂ ಅಗಲವೂ ಸಮವಾಗಿದ್ದರೆ ಮಾತ್ರ ಬೈಪಾಡ್ ಮೇಲಿನ ಎಂಪಿಐಗೆ ಜೀರೋ ಮಾಡಿ, ಬೈಪಾಡ್ ಇಲ್ಲದಾಗ ಎಷ್ಟು ಕ್ಲಿಕ್ ಬದಲಿಸಬೇಕು ಎಂಬುದನ್ನು ಬಟ್ ಮೇಲೆ ಅಂಟಿಸುವ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.